ಅರ್ಜಿಗೆ ಸೇರದ ಕಾಗೆ

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ ಎಂಬ ಕತೆಯನ್ನು ಚಿತ್ರ ಬರೆಯುವ ಮಕ್ಕಳಿಗೆ ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ. ಪ್ರತಿಭೆ ಸಾಲದು ಎಂದ ಶಾಲೆಯೇ ಮುಂದೆ ಅವರನ್ನು ಅತಿಥಿಯಾಗಿ ಕರೆಯಿತು ಎಂಬಲ್ಲಿಗೆ ಕತೆ ಮುಗಿಯುತ್ತದೆ, ಕೇಳಿದವರು ತಲೆದೂಗುತ್ತಾರೆ. ನನಗೆ ಈ ಕತೆಯ ಮೇಲೆ ಸ್ವಲ್ಪ ಮುನಿಸಿದೆ. ನಾಳೆ ಗೆಲ್ಲುವುದು ಖಾತ್ರಿಯಾದರೆ ಇವತ್ತಿನ ಸೋಲನ್ನು ಯಾರು ಬೇಕಾದರೂ ನುಂಗಿಕೊಂಡಾರು. ಏನೂ ಖಾತ್ರಿಯಿಲ್ಲದ ದಿನಗಳಲ್ಲಿ ಕೈ ಹೇಗೆ ಓಡಿತು, ಅದು ಕೇಳಬೇಕಾದ ಮಾತು.

ಆ ದಿನಗಳಲ್ಲಿ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. 1942ರಲ್ಲಿ ರಾಶಿಯವರು ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು, ‘ದಿ ಹಿಂದೂ’ವಿನಲ್ಲಿ ಬರುತ್ತಿದ್ದ ಅಣ್ಣ ಆರ್.ಕೆ. ನಾರಾಯಣ್ ಕತೆಗಳಿಗೂ ಚಿತ್ರ ಬರೆದರು. ಇವೆಲ್ಲ ಸಿಕ್ಕಿದ ಅವಕಾಶಗಳು. ಇವಕ್ಕಿಂತ ಹಳೆಯದು ಮನೆಯ ಕಿಟಕಿ. ಒಣಕಡ್ಡಿ, ಎಲೆ, ಸೌದೆ ಸೀಳುವ ಆಳು, ಎದುರುಮನೆಯ ಚಾವಣಿ ಮೇಲೆ ಕತ್ತು ಕೊಂಕಿಸಿ ಕೂತ ಕಾಗೆ. ಕಾಗೆ ಬರೆಯಲು ಯಾವ ಸಂಪಾದಕರ ಅಪ್ಪಣೆಯೂ ಬೇಕಿರಲಿಲ್ಲ.

ಮುಂಬೈ ಸೇರಿ, ‘ಫ್ರೀ ಪ್ರೆಸ್ ಜರ್ನಲ್’ ದಾಟಿ, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ನೆಲೆನಿಂತ ಮೇಲೂ ಕಾಗೆ ಅವರನ್ನು ಬಿಡಲಿಲ್ಲ. 1951ರಿಂದ ‘ಯೂ ಸೆಡ್ ಇಟ್’ ವ್ಯಂಗ್ಯಚಿತ್ರದ ಶ್ರೀಸಾಮಾನ್ಯ ದಿನಾ ಅಚ್ಚಾಗಬೇಕಿತ್ತು, ಮಂತ್ರಿಗಳು ಏನಾದರೂ ಮಾಡಲಿ ಬಿಡಲಿ, ಸಂಜೆಯೊಳಗೆ ನಗೆ ಹೊರಡಬೇಕು. ಕಾಗೆಗೆ ಆ ಅವಸರವಿಲ್ಲ. ನವಿಲು, ಹಂಸಗಳಿಗೆ ಸಿಕ್ಕ ಮರ್ಯಾದೆ ಕಾಣದ, ತಿಥಿಯ ದಿನ ಮಾತ್ರ ನಾವು ಕೂಗಿ ಕರೆಯುವ ಹಕ್ಕಿಯನ್ನು ಅವರು ಮುಪ್ಪಿನವರೆಗೂ ಬಗೆಬಗೆಯಾಗಿ ಬರೆದರು.

ಇವತ್ತು ಚಿತ್ರಕಲೆ ಓದಿ ಹೊರಬಂದ ಹುಡುಗಿಯ ಬೆಳಗು ನೋಡಿ. ಚಿತ್ರಸಂತೆಯ ಮಳಿಗೆಗೆ ಒಂದು ಅರ್ಜಿ, ಫೆಲೋಶಿಪ್‌ಗೆ ಮತ್ತೊಂದು, ಅನಿಮೇಷನ್ ಸ್ಟುಡಿಯೊಗೆ ಪೋರ್ಟ್‌ಫೋಲಿಯೊ, ಯಾರದೋ ಮದುವೆಮನೆಗೆ ಭಾವಚಿತ್ರದ ಕಮಿಷನ್. ಒಂದೊಂದೂ ಬೇಕಾದದ್ದೇ. ತೊಂದರೆ ಎಲ್ಲಿ ಎಂದರೆ, ಅರ್ಜಿ ತುಂಬುತ್ತಾ ತುಂಬುತ್ತಾ ಆಯ್ಕೆ ಸಮಿತಿಯ ಕಣ್ಣು ನಮ್ಮ ಕಣ್ಣೊಳಗೆ ಬಂದು ಕೂರುತ್ತದೆ. ಪೆನ್ಸಿಲ್ ಹಿಡಿಯುವ ಮೊದಲೇ ‘ಇದು ಅವರಿಗೆ ಹಿಡಿಸೀತೇ’ ಎಂಬ ಲೆಕ್ಕ. ಆಮೇಲೆ ಬರುವ ಪ್ರತಿ ನಿರಾಕರಣೆಯೂ ಇಡೀ ಕೈಗೇ ಬಿದ್ದ ಪೆಟ್ಟಾಗುತ್ತದೆ. ಯಾಕೆಂದರೆ ಅವರಿಗೆ ತೋರಿಸದೆ ಉಳಿಸಿಕೊಂಡದ್ದು ಏನೂ ಇರುವುದಿಲ್ಲ.

‘ಲಕ್ಷ್ಮಣ್‌ಗೇನು, ತಿಂಗಳಿಗೆ ಸಂಬಳ ಬರುತ್ತಿತ್ತು’ ಎಂದು ಯಾರಾದರೂ ಅಂದರೆ ಅದು ನಿಜವೇ. ಬಾಡಿಗೆ ಕಟ್ಟಬೇಕಾದವರಿಗೆ ‘ಕಲೆಗಾಗಿ ಕಲೆ’ ಎಂದು ಉಪದೇಶಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಅರ್ಜಿ ಹಾಕಲಿ, ದರ ಚೌಕಾಸಿ ಮಾಡಲಿ, ಮುಂಗಡ ಕೇಳಲು ನಾಚದಿರಲಿ. ಮೇಲ್ ತೆರೆಯುವ ಮೊದಲು ಅರ್ಧ ಗಂಟೆ ಮಾತ್ರ ಕುಕ್ಕರನ್ನೋ, ಬೀದಿ ತಿರುವಿನ ಇಸ್ತ್ರಿ ಗಾಡಿಯನ್ನೋ, ಯಾರೂ ಕೇಳದ ಏನನ್ನಾದರೂ ಬರೆಯಲಿ. ಚೆನ್ನಾಗಿ ಬಂದರೆ ಇನ್‌ಸ್ಟಾಗ್ರಾಂಗೆ ಹಾಕಬಾರದೇ? ಹಾಕಬಹುದು, ಮುಂದಿನದು ಅರ್ಧ ಆದ ಮೇಲೆ.