ಇಲ್ಲದ ಗೋಲಿಯ ಪೆಟ್ಟು

“ಗೋಲಿ ಇಲ್ಲ, ಗೋಲಿಯ ಪೆಟ್ಟು ಇದೆ. ಇದನ್ನು ಸುಳ್ಳೆನ್ನದೆ ಇನ್ನೇನೆನ್ನಬೇಕು?” ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಅವರು ತರ್ಕಶಾಸ್ತ್ರ ಬಲ್ಲವರು, ಕೇಳಿ ಸುಮ್ಮನಾದರು. ಉತ್ತರ ಹುಡುಕುವ ಕೆಲಸ ನನ್ನದಾಯಿತು.

ವಿಷಯ ಇಷ್ಟೆ. ಪಿನ್‌ಬಾಲ್ ಅಮೆರಿಕದಲ್ಲಿ ಬೆಳೆದ ಆಟ. ಓರೆಯಾದ ಹಲಗೆಯ ಮೇಲೆ ಸುಮಾರು 80 ಗ್ರಾಂ ತೂಕದ ಉಕ್ಕಿನ ಗೋಲಿಯೊಂದು ಉರುಳಿ ಬರುತ್ತದೆ. ಅದು ಕೆಳಗಿನ ಕಂಡಿಗೆ ಬೀಳದಂತೆ ‘ಫ್ಲಿಪ್ಪರ್’ ಎಂಬ ಪುಟ್ಟ ರೆಕ್ಕೆಗಳಿಂದ ಮೇಲಕ್ಕೆ ಹೊಡೆಯಬೇಕು. ಈ ರೆಕ್ಕೆಗಳು ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪೆನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದೊಡನೆ. ಅದಕ್ಕೆ ಮುಂಚೆಯೇ, 1942ರಲ್ಲಿ, ನ್ಯೂಯಾರ್ಕ್ ನಗರ ಇದನ್ನು ಜೂಜೆಂದು ನಿಷೇಧಿಸಿತ್ತು. ನಿಷೇಧ ತೊಲಗಿದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಮುಂದೆ ಯಂತ್ರವನ್ನಿಟ್ಟು, ಗೋಲಿ ಹೋಗುವ ದಾರಿಯನ್ನು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದ. ಗೋಲಿ ಕೈಯ ಮಾತು ಕೇಳುತ್ತದೆಯೆ ಎಂಬುದೊಂದೇ ಅಲ್ಲಿ ಪ್ರಶ್ನೆಯಾಗಿತ್ತು.

ನಾನು ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯಲ್ಲಿ ಗೋಲಿಯೇ ಇಲ್ಲ. ಹಲಗೆಯ ಜಾಗದಲ್ಲಿ ಮಲಗಿಸಿದ ಟೆಲಿವಿಷನ್ ಪರದೆ. ಅದರೊಳಗೆ ಕಂಪ್ಯೂಟರು ಲೆಕ್ಕ ಹಾಕಿ ಓಡಿಸುವ ಬೆಳಕಿನ ಗೋಲಿ. ನೋಟಕ್ಕೆ ಕೊರತೆಯಿಲ್ಲ. ಆದರೆ ಗುಂಡಿಯೊತ್ತಿದರೆ ಬೆರಳಿಗೆ ಸಿಗುವುದು ಸಣ್ಣ ಸ್ಪ್ರಿಂಗಿನ ಮಿಡಿತ ಮಾತ್ರ. ಜ್ವರದ ಬಾಯಿಗೆ ಹಬ್ಬದೂಟ ಬಡಿಸಿದಂತೆ. ಆದಕಾರಣ ಪರದೆಯ ಕೆಳಗೆ, ರೆಕ್ಕೆಗಳಿರುವ ಜಾಗದಲ್ಲಿ, ಸೊಲೆನಾಯ್ಡುಗಳನ್ನು ಕೂರಿಸಿದೆ. ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ನಡುವಿನ ಕಬ್ಬಿಣದ ಕಡ್ಡಿ ಚಿಮ್ಮಿ ಮರಕ್ಕೆ ಬಡಿಯುತ್ತದೆ. (ವಿದ್ಯುತ್ತು ನಿಂತ ಗಳಿಗೆಯಲ್ಲಿ ಸುರುಳಿ ತಿರುಗಿ ಒದೆಯುತ್ತದೆ, ಅದನ್ನು ತಡೆಯಲು ಒಂದು ಡಯೋಡ್ ಹಾಕದಿದ್ದರೆ ಹಿಂದಿನ ಮಂಡಲ ಸುಟ್ಟುಹೋದೀತು.) ಪೆಟ್ಟಿಗೆ ನಡುಗಲು ಓರೆತೂಕದ ಮೋಟಾರು ಬೇರೆ.

ಮಿತ್ರರ ಆಕ್ಷೇಪಣೆ ಹಗುರವಾದುದಲ್ಲ. ಹಳೆಯ ಯಂತ್ರದಲ್ಲಿ ಆ ಬಡಿತ ಒಂದು ಕೆಲಸದ ಶೇಷ. ಗೋಲಿಯನ್ನು ತಳ್ಳಿದ್ದಕ್ಕೆ ಸದ್ದಾಯಿತು. ನನ್ನಲ್ಲಿ ಕೆಲಸವಿಲ್ಲ, ಶೇಷ ಮಾತ್ರ. ಒಲೆ ಹಚ್ಚದ ಮನೆಯಲ್ಲಿ ಒಗ್ಗರಣೆಯ ವಾಸನೆ ಹಾಯಿಸಿದಂತೆ.

ಆದರೆ ಹಳೆಯ ಯಂತ್ರದಲ್ಲೇ ‘ನಾಕರ್’ ಎಂಬುದೊಂದಿತ್ತು. ಅದು ಗೋಲಿಯನ್ನು ಮುಟ್ಟುತ್ತಿರಲಿಲ್ಲ. ಆಟಗಾರ ಒಂದು ಬಿಟ್ಟಿ ಆಟ ಗೆದ್ದಾಗ ಫಟ್ಟೆಂದು ಮರಕ್ಕೆ ಬಡಿಯುವುದಷ್ಟೇ ಅದರ ಉದ್ಯೋಗ. ಅದನ್ನು ಯಾರೂ ಸುಳ್ಳೆನ್ನಲಿಲ್ಲ; ಏಕೆಂದರೆ ಆಟ ನಿಜವಾಗಿ ಗೆದ್ದಿತ್ತು. ಇನ್ನು ವಿಮಾನವನ್ನು ನೋಡಿ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಅಂಗಗಳನ್ನು ದ್ರವದ ಒತ್ತಡ ತಿರುಗಿಸುವುದರಿಂದ ಚಾಲಕನ ಕೈಗೆ ಗಾಳಿಯ ಬಿಗಿ ತಾಕದು. ಅದಕ್ಕಾಗಿ ಕೃತಕ ಬಿಗಿಯನ್ನು ಒದಗಿಸುತ್ತಾರೆ. ರೆಕ್ಕೆ ಗಾಳಿಯ ಆಸರೆ ಕಳೆದುಕೊಳ್ಳುವ ಹಂತಕ್ಕೆ ಬಂದರೆ ಅನೇಕ ವಿಮಾನಗಳಲ್ಲಿ ಒಂದು ಮೋಟಾರು ಹಿಡಿಕೆಯನ್ನೇ ಗಡಗಡನೆ ಅಲುಗಿಸುತ್ತದೆ. ನನ್ನ ಪೆಟ್ಟಿಗೆಯ ಮೋಟಾರಿಗೆ ಅದು ದೊಡ್ಡಣ್ಣ. ಈ ನಡುಕ ಗಾಳಿಯದಲ್ಲ, ಮೋಟಾರಿನದು ಎಂದು ಚಾಲಕ ಸುಮ್ಮನಿರುತ್ತಾನೆಯೆ? ಮೂತಿ ಇಳಿಸುತ್ತಾನೆ.

ಹೀಗಾಗಿ ಪೆಟ್ಟು ಎಲ್ಲಿ ಹುಟ್ಟಿತೆಂಬುದಕ್ಕಿಂತ ಅದು ಯಾವುದರ ಸುದ್ದಿ ತಂದಿತೆಂಬುದೇ ಮುಖ್ಯವೆಂದು ನನಗೆ ತೋರುತ್ತದೆ. ಯಕ್ಷಗಾನದ ಯುದ್ಧದಲ್ಲಿ ಯಾರಿಗೂ ಏಟು ಬೀಳುವುದಿಲ್ಲ, ಚೆಂಡೆಗೆ ಬೀಳುತ್ತದೆ, ಅದನ್ನು ಮೋಸವೆನ್ನುವವರಿಲ್ಲ. ಚೆಂಡೆ ಅರೆಗಳಿಗೆ ತಡವಾದರೆ ಮಾತ್ರ ವೀರ ನಗೆಪಾಟಲಾಗುತ್ತಾನೆ. ನನ್ನ ಸೊಲೆನಾಯ್ಡಿನ ಗತಿಯೂ ಅದೇ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ನಾಲ್ಕಾರು ಚಿತ್ರಗಳಷ್ಟು ಪೆಟ್ಟು ಹಿಂದುಳಿದರೆ ಕಣ್ಣು ಕ್ಷಮಿಸೀತು, ಬೆರಳು ಕ್ಷಮಿಸದು. ಕಾರಣವಿಲ್ಲದ ಪೆಟ್ಟಂತೂ ಇನ್ನೂ ಕೆಟ್ಟದ್ದು. ಅಲ್ಪಸ್ವಲ್ಪಕ್ಕೆಲ್ಲ ಪೆಟ್ಟಿಗೆ ಗುಡುಗುವಂತೆ ಏರ್ಪಾಟು ಮಾಡುವವರಿದ್ದಾರೆ. ಹೊಗಳುಭಟರ ಸಹವಾಸ ಅದು. ನಾಲ್ಕು ಆಟದೊಳಗೆ ಕೈ ಅದನ್ನು ನಂಬುವುದನ್ನು ಬಿಡುತ್ತದೆ.

ಆದರೂ ಮಿತ್ರರ ಮಾತಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಹಳೆಯ ಯಂತ್ರದಲ್ಲಿ ಸುರುಳಿ ಕಾದು ಸೋಲುತ್ತಿತ್ತು, ರಬ್ಬರು ಸವೆಯುತ್ತಿತ್ತು. ಯಾರೂ ಬರೆದಿಡದ ಆಕಸ್ಮಿಕಗಳು ಅಲ್ಲಿದ್ದವು. ನನ್ನಲ್ಲಿ ಯಾರೋ ಬರೆದಷ್ಟೇ ಮರ ನಡುಗುತ್ತದೆ. ಬರೆಯುವವನೂ ಆಡುವವನೂ ಒಬ್ಬನೇ ಆದಾಗ ಇದು ಬರಿಯ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆಟಗಾರ ಪೆಟ್ಟಿಗೆಯನ್ನು ತುಸು ನೂಕಿ ಗೋಲಿಯನ್ನು ಬದುಕಿಸಿಕೊಳ್ಳಬಹುದು, ಅದು ಕಲೆಯೇ. ಅತಿಯಾದರೆ ಹಳೆಯ ಯಂತ್ರದೊಳಗೆ ತೂಗುವ ಲೋಲಕ ಸುತ್ತಲಿನ ಬಳೆಗೆ ತಾಗಿ ‘ಟಿಲ್ಟ್’ ಆಗುತ್ತಿತ್ತು, ರೆಕ್ಕೆಗಳು ಸಾಯುತ್ತಿದ್ದವು. ನನ್ನ ಪೆಟ್ಟಿಗೆಯಲ್ಲಿ ನೂಕನ್ನು ಅಳೆಯುವುದು ಒಂದು ಪುಟ್ಟ ಸಾಧನ. ಎಷ್ಟು ನೂಕಿದರೆ ಅತಿ ಎಂಬುದು ನಾನೇ ಬರೆಯಬಹುದಾದ ಒಂದು ಅಂಕಿ. ಯಜಮಾನನಿಲ್ಲ, ನೋಡುವವರಿಲ್ಲ. ಸುಖದ ಪೆಟ್ಟುಗಳನ್ನೆಲ್ಲ ಕಾಸು ಸುರಿದು ಕೂರಿಸಿಕೊಂಡವನು ದಂಡದ ಪೆಟ್ಟನ್ನು ಮಾತ್ರ ಅಂಕಿಯಲ್ಲಿ ಮುಚ್ಚಿಡಬಹುದು.

ನಾನು ಅಂಕಿಯನ್ನು ಬಿಟ್ಟು ನಿಜವಾದ ಲೋಲಕವನ್ನೇ ತೂಗುಹಾಕಿದ್ದೇನೆ. ಕಂಬಿಯ ಮೇಲೆ ಅದರ ತೂಕವನ್ನು ಸರಿಸಿ ಸಡಿಲಗೊಳಿಸಬಹುದು, ಇಲ್ಲವೆನ್ನಲಾರೆ. ಆದರೆ ಅದಕ್ಕೆ ಆಟ ನಿಲ್ಲಿಸಿ, ಮುಂದಿನ ಬಾಗಿಲು ತೆಗೆದು, ಒಳಗೆ ಕೈಹಾಕಿ, ತಿರುಪು ಸಡಿಲಿಸಬೇಕು. ನಾಚಿಕೆ ಬರಲು ಅಷ್ಟು ಹೊತ್ತು ಧಾರಾಳವಾಗಿ ಸಾಕು.