ಅಪ್ಪನ ಸೈಕಲ್ಲಿನ ವಯಸ್ಸು

ಹೆಂಗಸರ ವಯಸ್ಸನ್ನೂ ಗಂಡಸರ ಪಗಾರವನ್ನೂ ಕೇಳಬಾರದು ಎನ್ನುತ್ತಾರೆ. ಸೈಕಲ್ಲಿನ ವಯಸ್ಸು ಕೇಳಬಾರದೆಂದು ಮಾತ್ರ ಯಾರೂ ಹೇಳಿದ್ದಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು 2022ರ ಆಗಸ್ಟಿನಲ್ಲಿ ನನಗೆ ಅನ್ನಿಸಿತು.

ನನ್ನ ತವರುಮನೆ ಇಂಡಿಯಲ್ಲಿ. ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಪಕ್ಕಕ್ಕೆ, ಅಪ್ಪನ ಸೈಕಲ್ಲು ನಿಂತಿರುತ್ತದೆ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಖಂಡೇನವಮಿ ಬಂತೆಂದರೆ ಅಣ್ಣ ಅದನ್ನು ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಾನೆ. 1942ರ ಚಲೇಜಾವ್ ಚಳವಳಿಯಲ್ಲಿ ಹದಿನೆಂಟು ವರ್ಷದ ಹುಡುಗನಾಗಿದ್ದ ಅಪ್ಪ, ಇಂಡಿ ರೋಡ್ ಸ್ಟೇಶನ್ನಿಗೆ ರೈಲಿನಲ್ಲಿ ಬರುತ್ತಿದ್ದ ಗುಪ್ತ ಕರಪತ್ರಗಳನ್ನು ಸೀಟಿನ ಕೆಳಗೆ ಕಟ್ಟಿಕೊಂಡು, ದೀಪವಿಲ್ಲದೆ, ರಾತ್ರೋರಾತ್ರಿ ಸಿಂದಗಿಯವರೆಗೆ ಇದೇ ಸೈಕಲ್ಲಿನ ಮೇಲೆ ಒಯ್ಯುತ್ತಿದ್ದನಂತೆ. ಒಮ್ಮೆ ದಾರಿಯಲ್ಲಿ ಪೊಲೀಸರು ತಡೆದಾಗ ‘ಅತ್ತಿ ಮನೀಗೆ ಹೊಂಟೇನ್ರಿ’ ಎಂದು ಹೇಳಿ ಪಾರಾದನಂತೆ. ಈ ಮಾತಿಗೆ ಮಕ್ಕಳೆಲ್ಲ ನಗುತ್ತಿದ್ದೆವು. ಅಪ್ಪನ ಮದುವೆಯಾದದ್ದು 1950ರಲ್ಲಿ, 1942ರಲ್ಲಿ ಅತ್ತೆಯ ಮನೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನಮಗಾರಿಗೂ ಹೊಳೆಯಲಿಲ್ಲ. ಕಥೆಯನ್ನು ಮೊದಲು ಹೇಳುತ್ತಿದ್ದವನು ಅಪ್ಪನೇ. ಅಣ್ಣ ಅದನ್ನು ಆಸ್ತಿಯ ಜೊತೆಗೆ ಪಡೆದವನು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿ, ಆಮೇಲೆ ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ, ಕೊನೆಗೆ ಇಂಡಿಯ ಹತ್ತಿರ. ಕೃಷ್ಣೆಯ ದಂಡೆಯ ಆ ಹಳೇ ಊರು ಈಗ ನಾರಾಯಣಪುರದ ಬಸವಸಾಗರದ ಹಿನ್ನೀರಿನ ಕೆಳಗಿದೆ. ಅಪ್ಪ ಪಾಠ ಮಾಡಿದ ಗೋಡೆಗಳಿಲ್ಲ. ಉಳಿದದ್ದು ಸೈಕಲ್ಲು ಒಂದೇ.

ಸ್ವಾತಂತ್ರ್ಯದ ಅಮೃತ ಮಹೋತ್ಸವದ ಆ ವರ್ಷ ನಾನು ಕಲಿಸುವ ಸಿಂದಗಿಯ ಶಾಲೆಯಲ್ಲಿ ಒಂದು ಪ್ರದರ್ಶನವೆಂದು ಗೊತ್ತಾಯಿತು. ಊರ ಮನೆಗಳಲ್ಲಿ ಚಳವಳಿಯ ನೆನಪಿನ ವಸ್ತುಗಳಿದ್ದರೆ ತರಿಸಬೇಕು, ಪ್ರತಿಯೊಂದರ ಮುಂದೆ ಒಂದು ಚೀಟಿ ಬರೆದಿಡಬೇಕು. ಅಣ್ಣನಿಗೆ ಸುದ್ದಿ ಮುಟ್ಟಿದ್ದೇ ತಡ, ಫೋನು ಬಂತು. ‘ತಂಗಿ, ಸೈಕಲ್ಲು ಟೆಂಪೊದಾಗ ಕಳಸತೀನಿ. ಚೀಟಿ ನೀನ ಬರಿ. ನಿನ್ನ ಅಕ್ಷರ ದುಂಡಗದಾವ. ಅವ್ವನ್ನೂ ಕರಕೊಂಡು ಬರತೀನಿ.’

ಬಂದ ಸೈಕಲ್ಲಿಗೆ ಓರಾಲಿಂಗ್ ಮಾಡಿಸೋಣವೆಂದು ನಮ್ಮ ಓಣಿಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಶಾಪಿನ ಚಾಚಾನಿಗೆ ಎಪ್ಪತ್ತು ದಾಟಿರಬೇಕು. ಕನ್ನಡಕ ಏರಿಸಿಕೊಂಡು, ಸೈಕಲ್ಲನ್ನು ತಲೆಕೆಳಗೆ ಮಾಡಿ, ಪೆಡಲು ತಿರುಗಿಸಿ ನೋಡಿದ. ಒಂದಿಷ್ಟು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಅಕ್ಕೋರ, ಬಾಳ ಚಲೋ ಗಾಡಿ. ಆದ್ರ ಇದು ನಲವತ್ತೆರಡರದು ಅಲ್ರಿ’ ಎಂದ.

ನನಗೆ ಸಿಟ್ಟು ಬಂತು. ‘ನಿಮಗ ಹೆಂಗ ಗೊತ್ತು?’ ಎಂದು ಮಕ್ಕಳಿಗೆ ಕೇಳುವ ದನಿಯಲ್ಲೇ ಕೇಳಿದೆ. ಎಂಟನೆಯ ತರಗತಿಗೆ ಇತಿಹಾಸದ ಆಧಾರಗಳ ಪಾಠ ಮಾಡುವವಳು ನಾನು. ನಮ್ಮ ಸಾಲೋಟಗಿಯ ಕಂಬದ ಶಾಸನವನ್ನೇ ಉದಾಹರಣೆ ಕೊಡುತ್ತೇನೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ತನ್ನ ಶಕವರ್ಷವನ್ನು ತಾನೇ ಹೇಳಿಕೊಳ್ಳುತ್ತದೆ, ಕ್ರಿಸ್ತಶಕಕ್ಕೆ ತಿರುಗಿಸಿದರೆ 945. ಸೈಕಲ್ಲು ಹಾಗೆ ಹೇಳುವುದಿಲ್ಲವಲ್ಲ!

ಹೇಳುತ್ತದೆ, ಆದರೆ ಒಂದೇ ಕಡೆ ಹೇಳುವುದಿಲ್ಲ ಎಂದು ಆ ಮಧ್ಯಾಹ್ನ ಕಲಿತೆ. ಫ್ರೇಮಿನ ಮೇಲೆ ಒಂದು ನಂಬರು ಕೊರೆದಿರುತ್ತದೆ. ಆದರೆ ಕಂಪನಿಯ ಖಾತೆಪುಸ್ತಕ ಕೈಯಲ್ಲಿಲ್ಲದೆ ಆ ನಂಬರಿನಿಂದ ವರ್ಷ ತಿಳಿಯದು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಎಂಬ ಮೂರು ಗೇರಿನ ಹಬ್ಬು ಇದ್ದರೆ ಸುಲಭ, ಅದರ ಮೇಲೆ ವರ್ಷದ ಅಂಕಿಯನ್ನೇ ಒತ್ತಿರುತ್ತಾರೆ. ನಮ್ಮ ಮಾಸ್ತರರ ಸೈಕಲ್ಲುಗಳಿಗೆ ಗೇರು ಎಲ್ಲಿಂದ ಬರಬೇಕು? ಇದ್ದರೂ ಗಾಲಿ ಬದಲಾಗಿದ್ದರೆ ಅದು ಗಾಲಿಯ ವಯಸ್ಸೇ ಹೊರತು ಸೈಕಲ್ಲಿನದಲ್ಲ. ಚೈನ್ ವ್ಹೀಲಿನ ಕಂಡಿಯಲ್ಲಿ ಕೊಕ್ಕರೆಯ ತಲೆಗಳಿದ್ದರೆ ರ್‍ಯಾಲಿ, ಬಂದೂಕುಗಳ ಗುರುತಿದ್ದರೆ ಬಿ.ಎಸ್.ಎ. ಬರ್ಮಿಂಗ್‌ಹ್ಯಾಮಿನ ಆ ಕಂಪನಿ ಮೊದಲು ಬಂದೂಕು ಮಾಡುತ್ತಿತ್ತಂತೆ. ‘ಕೊಕ್ಕರಿ ನೋಡಿ ಮೋಸ ಹೋಗಬ್ಯಾಡ್ರಿ, ಅದನ್ನೂ ಬಿಚ್ಚಿ ಇನ್ನೊಂದಕ್ಕ ಹಾಕತಾರ’ ಎಂದು ಚಾಚಾ ಎಚ್ಚರಿಸಿದ.

ಅವನ ಅನುಮಾನ ಹುಟ್ಟಿದ್ದು ಹೊಳಪಿನಿಂದ. ಹ್ಯಾಂಡಲ್ಲಿನ ಜಂಗು ಉಜ್ಜಿದರೆ ಕೆಳಗೆ ದಪ್ಪ ಕ್ರೋಮಿಯಂ ಮಿಂಚುತ್ತಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಯುದ್ಧಸಾಮಗ್ರಿಗೆ ತಿರುಗಿದ್ದವು. ಹೊರಬಂದ ಅಲ್ಪಸ್ವಲ್ಪ ಸೈಕಲ್ಲುಗಳಿಗೂ ಕ್ರೋಮಿಯಂ ಬದಲು ಕಪ್ಪು ಬಣ್ಣವೇ ಹೆಚ್ಚು. ‘ಯುದ್ಧಕ್ಕಿಂತ ಮೊದಲಿಂದು ಇದ್ದೀತಲ್ಲ’ ಎಂದೆ. ಚಾಚಾ ಹ್ಯಾಂಡಲ್ಲಿನ ಕೆಳಗಿನ ಹಿತ್ತಾಳೆಯ ಬಿಲ್ಲೆಯನ್ನು ಬೆರಳಿನಿಂದ ತೋರಿಸಿದ. ಅಣ್ಣ ಪ್ರತಿ ವರ್ಷ ಹಚ್ಚಿದ ವಿಭೂತಿ, ಎಣ್ಣೆ, ಬಣ್ಣ ಎಲ್ಲ ಸೇರಿ ಅದರ ಅಕ್ಷರ ಮುಚ್ಚಿಹೋಗಿದ್ದವು. ‘ಇದನ್ನ ತೊಳೀರಿ, ಎಲ್ಲಾ ಹೇಳತದ.’

ಮನೆಗೆ ತಂದು, ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ರ್‍ಯಾಲಿ ಎಂಬ ಹೆಸರು ಮೊದಲು ಕಾಣಿಸಿತು. ಅದರ ಜೊತೆಗೆ ನಾಟಿಂಗ್‌ಹ್ಯಾಮ್ ಇರಬೇಕಿತ್ತು, 1880ರ ದಶಕದಿಂದ ಆ ಕಂಪನಿಯ ಊರು ಅದು. ಇರಲಿಲ್ಲ. ಇದ್ದದ್ದು ಸೆನ್-ರ್‍ಯಾಲಿ.

ಸೆನ್-ರ್‍ಯಾಲಿ ಎಂದರೆ ಬಂಗಾಲದ ಆಸನ್‌ಸೋಲ್ ಹತ್ತಿರದ ಕನ್ಯಾಪುರದ ಕಾರ್ಖಾನೆ. ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿ, 1952ರಲ್ಲಿ ಸೈಕಲ್ಲು ಮಾಡತೊಡಗಿ, 1980ರಲ್ಲಿ ಸರ್ಕಾರದ ಪಾಲಾಗಿ, ಕೊನೆಗೆ ಮುಚ್ಚಿಹೋಯಿತು. ಅದೇ ಕಾಲಕ್ಕೆ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ., ಸೋನೆಪತ್‌ನಲ್ಲಿ ಅಟ್ಲಾಸ್ ಎದ್ದವು, 1956ರಲ್ಲಿ ಲುಧಿಯಾನದ ಹೀರೊ ಬಂತು. ಅಷ್ಟರವರೆಗೆ ಮುಂಬಯಿಯ ಹಿಂದ್ ಸೈಕಲ್ಸ್‌ನಂಥ ಒಂದೆರಡು ಬಿಟ್ಟರೆ ನಮ್ಮ ಮಂದಿ ತುಳಿದದ್ದೆಲ್ಲ ಹಡಗಿನಲ್ಲಿ ಬಂದ ಸೈಕಲ್ಲುಗಳನ್ನೇ. ಅಪ್ಪನ ತಗಡಿನ ಡಬ್ಬಿಯಲ್ಲಿ ಹಳೇ ಸೈಕಲ್ ಬಿಲ್ಲೆಗಳಿದ್ದವು. ಆಗ ಪುರಸಭೆಯವರು ಸೈಕಲ್ಲಿಗೂ ತೆರಿಗೆ ಹಾಕಿ ವರ್ಷ ಮುದ್ರಿಸಿದ ಬಿಲ್ಲೆ ಕೊಡುತ್ತಿದ್ದರು. ಎಲ್ಲಕ್ಕೂ ಹಳೆಯದರ ಮೇಲೆ 1958-59 ಎಂದಿತ್ತು. ಅಂದರೆ 1952ರ ನಂತರ, 1959ರ ಮೊದಲು. ಇಷ್ಟು ಲೆಕ್ಕ ಹಾಕಿದ ಮೇಲೆ ನನಗೆ ಊಟ ಸೇರಲಿಲ್ಲ.

ಸೈಕಲ್ಲು ಸುಳ್ಳಾದರೆ ಅಪ್ಪನ ಕೆಲಸವೂ ಸುಳ್ಳೇ? ನನ್ನನ್ನು ಕಾಡಿದ್ದು ಅದು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟರು, ಪಿಂಚಣಿಯ ಯೋಜನೆಯೂ ಬಂತು. ಅಪ್ಪ ಅರ್ಜಿ ಹಾಕಲಿಲ್ಲ. ‘ಮಾಡಿದ್ದನ್ನ ಮಾರಿಕೊಳ್ಳೋದು ಬ್ಯಾಡ ಅಂದಾರ’ ಎಂದು ಅಣ್ಣ ಅದನ್ನು ದೊಡ್ಡ ಗುಣವೆಂದು ಹೇಳುತ್ತ ಬಂದಿದ್ದ, ನಾನೂ ಹಾಗೆಯೇ ನಂಬಿದ್ದೆ. ಈಗ ಅದೇ ಸಂಗತಿ ಬೇರೆಯಾಗಿ ಕಾಣತೊಡಗಿತು. ಹಾಕಲು ಏನೂ ಇರಲಿಲ್ಲವೇನೋ!

ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅವನು ಮೊದಲು ಚಾಚಾನನ್ನು ಬೈದ. ಆಮೇಲೆ ಸ್ವಲ್ಪ ಯೋಚಿಸಿ, ವಕೀಲರ ಹಾಗೆ ಒಂದು ಮಾತು ತೆಗೆದ. ಹಳೇ ಸೈಕಲ್ಲಿನ ಫ್ರೇಮು ಮುರಿದು ಅಪ್ಪ ಹೊಸ ಫ್ರೇಮು ಹಾಕಿಸಿರಬಹುದಲ್ಲ? ಸೀಟು ಎರಡು ಸಲ ಬದಲಾಗಿದೆ, ರಿಮ್ಮು ಮೂರು ಸಲ, ಪೆಡಲಿಗೆ ಲೆಕ್ಕವೇ ಇಲ್ಲ. ಆದರೂ ಅದನ್ನು ಅಪ್ಪನ ಸೈಕಲ್ಲು ಎನ್ನುತ್ತೇವೆ ತಾನೆ?

ಅವನಿಗೆ ಗೊತ್ತಿಲ್ಲದೆ ಎರಡು ಸಾವಿರ ವರ್ಷದ ಹಳೇ ಪ್ರಶ್ನೆ ಕೇಳಿದ್ದ. ಬೌದ್ಧರ ಮಿಲಿಂದ ಪನ್ಹದಲ್ಲಿ ನಾಗಸೇನನೆಂಬ ಭಿಕ್ಷು ಗ್ರೀಕ್ ರಾಜ ಮಿಲಿಂದನಿಗೆ ರಥ ತೋರಿಸಿ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲವೆಂದರೆ ರಥವೆಂಬುದು ಬರೀ ಹೆಸರು. ಬಿ.ಎ.ದಲ್ಲಿ ಇದನ್ನು ಓದಿ ಅಂಕ ಪಡೆದಿದ್ದೆ. ‘ಎಲ್ಲಾ ಬದಲಾದ ಮ್ಯಾಲೆ ಉಳಿದದ್ದು ಏನು?’ ಎಂದು ಅಣ್ಣನನ್ನು ಕೇಳಿದೆ. ‘ಅಪ್ಪ’ ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಚೀಟಿಯ ಮೇಲೆ 1942 ಎಂದು ಬರೆಯಲು ಕೈ ಬರಲಿಲ್ಲ.

‘ಬರದರ ಯಾರಿಗೆ ಏನ್ ಹಾನಿ?’ ಎಂದೂ ಕೇಳಿದ. ಅದು ಸರಿಯಾದ ಪ್ರಶ್ನೆ. ನಮ್ಮ ಪ್ರದರ್ಶನಕ್ಕೆ ಒಬ್ಬ ಮುದುಕಿ ಗಂಡನ ತಾಮ್ರಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದುಕೊಟ್ಟಿದ್ದಳು. ಆ ಮನುಷ್ಯ ಜೈಲಿನಿಂದ ಬಂದ ಮೇಲೆ ಕೆಮ್ಮುತ್ತಲೇ ದಿನ ಕಳೆದನಂತೆ. ಆ ತಾಮ್ರಪತ್ರದ ಪಕ್ಕದಲ್ಲಿ, ಹೂಮಾಲೆ ಹಾಕಿಕೊಂಡು, ಆಸನ್‌ಸೋಲಿನ ಸೈಕಲ್ಲು ನಿಂತು ಅವಳಷ್ಟೇ ಗೌರವ ಕೇಳುವುದನ್ನು ನೆನೆಸಿಕೊಂಡರೆ ಮೈ ಕುಗ್ಗುತ್ತಿತ್ತು. ಮನೆಯೊಳಗಿನ ಕಥೆ ಮನೆಯೊಳಗೇ ಇದ್ದರೆ ಅದು ಬೇರೆ.

ರವಿವಾರ ಬಸ್ಸು ಹತ್ತಿ ಇಂಡಿಗೆ ಹೋದೆ. ಅವ್ವನಿಗೆ ಆಗ ಎಂಬತ್ತೆಂಟು. ಬಿಸಿಲಿಗೆ ಕಾಲು ಚಾಚಿಕೊಂಡು ಶೇಂಗಾ ಸುಲಿಯುತ್ತಿದ್ದಳು. ನಾನೂ ಒಂದು ಮುಷ್ಟಿ ತೆಗೆದುಕೊಂಡು ಕೂತು, ಬಹಳ ಸುತ್ತಿ ಬಳಸಿ ಕೇಳಿದೆ, ‘ಅವ್ವಾ, ನೀ ಮದಿವ್ಯಾಗಿ ಬಂದಾಗ ಮನ್ಯಾಗ ಸೈಕಲ್ ಇತ್ತೇನ?’

‘ಎಲ್ಲೀ ಸೈಕಲ್? ಸಾಲೀಗೆ ನಡಕೋತ ಹೋಗತಿದ್ರು.’

‘ಮತ್ತ ಇದು?’

‘ಇದು ನಿಮ್ಮಣ್ಣ ಹೊಟ್ಟ್ಯಾಗಿದ್ದಾಗ ತಗೊಂಡದ್ದು. ನಮ್ಮವ್ವ ಹಾಕಿದ ಬೋರಮಾಳ ಬಿಜಾಪುರಕ್ಕ ಒಯ್ದು ಮಾರಿದ್ರು. ಬರೂ ಮುಂದ ಸೈಕಲ್ ಮ್ಯಾಲ ಬಂದ್ರು.’

ಶೇಂಗಾದ ಸಿಪ್ಪೆ ಊದಿದಷ್ಟೇ ಸಲೀಸಾಗಿ ಹೇಳಿದಳು. ಅಣ್ಣ ಹುಟ್ಟಿದ್ದು 1956ರ ಯುಗಾದಿಯ ಮೊದಲು. ಬಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು ಆ ವರ್ಷ ನವೆಂಬರಿನಲ್ಲಿ. ಹಾಗಾದರೆ ಸೈಕಲ್ಲು 1955ರದ್ದು. ಕ್ರೋಮಿಯಂ, ಹುಣಸೆಹಣ್ಣು, ಬಿಲ್ಲೆಗಳ ಡಬ್ಬಿ ಎಂದು ನಾನು ಏಳು ವರ್ಷದ ಅಂತರಕ್ಕೆ ತಂದು ನಿಲ್ಲಿಸಿದ್ದನ್ನು ಅವ್ವ ಒಂದು ಬಸುರಿನ ಲೆಕ್ಕದಲ್ಲಿ ಮುಗಿಸಿದ್ದಳು. ನಮ್ಮ ಹಿರಿಯ ಹೆಂಗಸರ ಪಂಚಾಂಗವೇ ಹಾಗೆ. ಯಾರ ಬಾಣಂತನ, ಯಾವ ಬರ. 1972ರ ಬರ ಎಂದರೆ ಅವ್ವನಿಗೆ ನಾನು ಅಂಬೆಗಾಲಿಡುವುದು ಬಿಟ್ಟು ನಡೆಯತೊಡಗಿದ ವರ್ಷ.

‘ಅಪ್ಪ ಕರಪತ್ರ ಒಯ್ದದ್ದು ಖರೇ ಏನ?’

‘ಅದು ನನಗ ಹೆಂಗ ಗೊತ್ತಾಗಬೇಕವಾ? ನಾ ಆಗ ಎಂಟು ವರ್ಷದಾಕಿ. ಯಾರದರೆ ಸೈಕಲ್ ಇಸಗೊಂಡು ಹೋಗಿರಬೇಕು. ಇಲ್ಲಾ, ಹೋಗಿರಲಿಕ್ಕಿಲ್ಲ.’

‘ಇಷ್ಟು ವರ್ಷ ಸುಮ್ಮನ ಕೇಳಕೋತ ಕುಂತಿದ್ದಿ?’

ಅವ್ವ ನಕ್ಕಳು. ‘ಹೆಂಡ್ತೀ ಬಂಗಾರದಾಗ ಸೈಕಲ್ ತಂದ್ರು ಅಂತ ನಾಕು ಮಂದ್ಯಾಗ ಹೇಳಲೇನ? ಗಂಡಸು ಮನಷಾ, ಒಂದು ಕತಿ ಬೇಕಾಗಿತ್ತು, ಹೇಳಿದ್ರು.’ ಸ್ವಲ್ಪ ತಡೆದು, ‘ಬೋರಮಾಳದ ಸುದ್ದಿ ಬರಿಬ್ಯಾಡ ಮತ್ತ’ ಎಂದಳು.

ಅಲ್ಲಿಯವರೆಗೆ ನಾನು ಅಪ್ಪನ ಸುಳ್ಳನ್ನು, ಅದು ಸುಳ್ಳಾಗಿದ್ದರೆ, ಯಾರಿಗೂ ನೋವು ಮಾಡದ ಸುಳ್ಳು ಎಂದುಕೊಳ್ಳಲು ತಯಾರಾಗುತ್ತಿದ್ದೆ. ವರ್ಷಕ್ಕೊಮ್ಮೆ ಸೈಕಲ್ಲಿಗೆ ಮಾಲೆ ಬೀಳುವಾಗ ಅವ್ವ ಬಾಗಿಲ ಮರೆಯಲ್ಲಿ ನಿಂತು, ಬರೀ ಕೊರಳಿನಿಂದ, ಅದನ್ನು ನೋಡುತ್ತಿದ್ದಳೆಂದು ಹೊಳೆದ ಮೇಲೆ ಹಾಗನ್ನಲು ಆಗಲಿಲ್ಲ. ಅವಳಿಗೆ ನೋವಾಗಿತ್ತೆಂದು ನಾನೇ ತೀರ್ಮಾನಿಸುವುದೂ ತಪ್ಪಿರಬಹುದು. ನಕ್ಕದ್ದಂತೂ ನಿಜ.

ಚೀಟಿ ಹೀಗೆ ಬರೆದೆ: ‘ರ್‍ಯಾಲಿ ಸೈಕಲ್. ತಯಾರಿಕೆ ಸೆನ್-ರ್‍ಯಾಲಿ, ಆಸನ್‌ಸೋಲ್, 1955. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ ತಾಲೂಕಿನ ಹಳ್ಳಿಗಳ ಶಾಲೆಗೆ ಒಬ್ಬ ಮಾಸ್ತರರು 1982ರವರೆಗೆ ಇದರ ಮೇಲೆ ಹೋಗಿಬಂದರು.’ ಸೈಕಲ್ಲನ್ನು ಚಳವಳಿಯ ಕೋಣೆಯಲ್ಲಿ ಇಡದೆ ಹೊರಗಿನ ಪಡಸಾಲೆಯಲ್ಲಿ ಬೀಸುವ ಕಲ್ಲು, ಕಂದೀಲುಗಳ ಸಾಲಿನಲ್ಲಿ ಇಡಿಸಿದೆ. ಮಕ್ಕಳು ದಿನವಿಡೀ ಬೆಲ್ಲು ಬಾರಿಸಿ ತಲೆ ತಿಂದರು. ಅಣ್ಣ ಬಂದ, ಓದಿದ, ಚಹಾ ಸಹ ಕುಡಿಯದೆ ಹೋದ. ದೀಪಾವಳಿಯವರೆಗೆ ನನ್ನೊಡನೆ ಮಾತಿರಲಿಲ್ಲ. ಅವ್ವನಿಗೆ ಓದಲು ಬಾರದು. ‘ಏನ್ ಬರದಿ?’ ಎಂದು ಕೇಳಿದಳು. ಓದಿ ಹೇಳಿದೆ. ‘ಹೂಂ’ ಎಂದಳು. ಆಮೇಲೆ ತಾಮ್ರಪತ್ರದ ಮುದುಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಇಬ್ಬರೂ ಯಾರ್‍ಯಾರದೋ ಸೊಸೆಯರ ಸುದ್ದಿ ಮಾತಾಡಿದರು.

ಸುಳ್ಳು ಬರೆಯಲಿಲ್ಲವೆಂದು ಆ ದಿನ ಸಮಾಧಾನವಿತ್ತು. ರಾತ್ರಿ ಮಲಗಿದಾಗ ನೆನಪಾಯಿತು, ಆ ಮೂರು ಸಾಲಿನಲ್ಲಿ ಅವ್ವನೂ ಇರಲಿಲ್ಲ.

2024ರ ಶ್ರಾವಣದಲ್ಲಿ ಅವ್ವ ಹೋದಳು. ಬರೆಯಬೇಡವೆಂದದ್ದನ್ನು ಈಗ ಬರೆದಿದ್ದೇನೆ. ಇದ್ದಾಗ ಕೊಟ್ಟ ಮಾತು ಹೋದ ಮೇಲೆ ಸಡಿಲಾಗುತ್ತದೆಯೋ ಬಿಗಿಯಾಗುತ್ತದೆಯೋ, ಎರಡೂ ಕಡೆಗೆ ನನ್ನೊಳಗೆ ವಾದ ನಡೆದೇ ಇದೆ. ಅಣ್ಣ ಇದನ್ನು ಓದಿದರೆ ಮತ್ತೆ ಒಂದಿಷ್ಟು ದಿನ ಮಾತು ಬಿಟ್ಟಾನು. ಸೈಕಲ್ಲಿನ ಕಾರ್ಖಾನೆ ಯಾವುದು, ವರ್ಷ ಯಾವುದು, ರಿಮ್ಮು ಎಷ್ಟು ಸಲ ಬದಲಾಯಿತು, ಎಲ್ಲ ಬರೆದಿಟ್ಟುಕೊಂಡಿದ್ದೇನೆ. ಬೋರಮಾಳ ಎಷ್ಟು ತೊಲೆಯದಿತ್ತೆಂದು ಅವ್ವನನ್ನು ಕೇಳಲೇ ಇಲ್ಲ.