ಕಾಣದಿರುವುದು ಮತ್ತು ಇಲ್ಲದಿರುವುದು

ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ತಿಳಿಯುವ ಬಗೆ ಯಾವುದು? ಇದ್ದ ಗಡಿಗೆ ಕಣ್ಣಿಗೆ ಬೀಳುತ್ತದೆ, ಇಲ್ಲದ್ದು ಬೀಳುವಂತಿಲ್ಲ. ಆದರೂ ‘ಇಲ್ಲಿ ಗಡಿಗೆ ಇಲ್ಲ’ ಎಂದು ಎಲ್ಲರೂ ಧೈರ್ಯವಾಗಿಯೇ ಹೇಳುತ್ತಾರೆ. ಈ ಸಣ್ಣ ಪ್ರಶ್ನೆಗಾಗಿ ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದ ಮಾಡಿದ್ದಾರೆ. ಕುಮಾರಿಲ ಭಟ್ಟನ ಮೀಮಾಂಸಕರು ಇದಕ್ಕೆ ಅನುಪಲಬ್ಧಿ (ಕಾಣದಿರುವಿಕೆ) ಎಂಬ ಪ್ರತ್ಯೇಕ ಪ್ರಮಾಣವನ್ನೇ, ಅಂದರೆ ತಿಳಿವಿನ ಸಾಧನವನ್ನೇ, ಒಪ್ಪಿದರು. ಅದ್ವೈತಿಗಳೂ ಅದನ್ನು ತಮ್ಮ ಆರು ಪ್ರಮಾಣಗಳಲ್ಲಿ ಸೇರಿಸಿಕೊಂಡರು. ನೈಯಾಯಿಕರು ಅಭಾವವನ್ನು, ಅಂದರೆ ಇಲ್ಲದಿರುವಿಕೆಯನ್ನು, ಒಪ್ಪಿದರು, ಆದರೆ ಅದನ್ನು ಪ್ರತ್ಯಕ್ಷದಿಂದಲೇ ತಿಳಿಯಬಹುದು, ಬೇರೆ ಪ್ರಮಾಣ ಬೇಡ ಎಂದರು. ಬರಿಯ ನೆಲದ ಅರಿವೇ ಸಾಕು, ಅಭಾವ ಎಂಬ ಬೇರೆ ವಸ್ತುವೇ ಇಲ್ಲ ಎಂದವರು ಮೀಮಾಂಸಕರದ್ದೇ ಇನ್ನೊಂದು ಶಾಖೆಯ ಪ್ರಾಭಾಕರರು. ಮಧ್ವರು ಅನುಪಲಬ್ಧಿಯನ್ನು ಸೇರಿಸದೆ ಪ್ರಮಾಣಗಳನ್ನು ಮೂರಕ್ಕೇ ನಿಲ್ಲಿಸಿದರು.

ಈ ಜಗಳಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ವಾದದ ನಡುವೆ ಹೊರಬಂದ ಒಂದು ಷರತ್ತು: ಯೋಗ್ಯತೆ. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಹ ಪರಿಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದು ಗಡಿಗೆ ಇಲ್ಲವೆನ್ನಲಾಗದು. ಪಿಶಾಚಿ ಹಾಡುಹಗಲಲ್ಲೂ ಕಾಣುವಂಥದ್ದಲ್ಲ, ಆದ್ದರಿಂದ ಕಾಣದಿರುವುದರಿಂದ ಅದರ ಬಗ್ಗೆ ಏನೂ ತೀರ್ಮಾನವಾಗದು.

ಈ ಷರತ್ತಿಗೆ ಎಷ್ಟು ತೂಕವಿದೆ ಎಂಬುದು ಮನೆಯಲ್ಲೇ ಕಟ್ಟಿದ ಹಗುರ ವಿಮಾನದ ಚಕ್ರದ ಕದಗಳನ್ನು ದುರಸ್ತಿ ಮಾಡುವಾಗ ಗೊತ್ತಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ವಿಮಾನ ವಿನ್ಯಾಸಕ ಬರ್ಟ್ ರುಟಾನ್‌ನ ಲಾಂಗ್-ಈಝಿ ವಿನ್ಯಾಸವನ್ನು ಆಧರಿಸಿ ಸಣ್ಣ ಸಂಶೋಧನಾ ವಿಮಾನವೊಂದನ್ನು ಕಟ್ಟಿತ್ತು. ಜನ ನಕ್ಷೆ ತರಿಸಿಕೊಂಡು ಫೋಮ್ ಮತ್ತು ಫೈಬರ್‌ಗ್ಲಾಸ್‌ನಿಂದ ತಾವೇ ಕಟ್ಟಿಕೊಳ್ಳಲೆಂದು ರೂಪಿಸಿದ ವಿನ್ಯಾಸವದು. ಲಾಂಗ್-ಈಝಿಯಲ್ಲಿ ಮಡಚಿಕೊಳ್ಳುವುದು ಮೂಗಿನ ಚಕ್ರ ಮಾತ್ರ, ಅದೂ ಕೈಯಿಂದ ತಿರುಗಿಸುವ ಹಿಡಿಯಿಂದ; ಚಕ್ರ ಎಲ್ಲಿದೆಯೆಂದು ಪೈಲಟ್ ಬಗ್ಗಿ ನೋಡಲು ಒಂದು ಪುಟ್ಟ ಕಿಟಕಿಯೂ ಉಂಟು. ಅಲ್ಲಿ ಪ್ರತ್ಯಕ್ಷವೇ ಸಾಕು. ಮೂರೂ ಚಕ್ರ ಮಡಚಿ, ಹೊಟ್ಟೆಯ ಕದ ಮುಚ್ಚಿಕೊಳ್ಳುವ ವಿಮಾನಗಳಲ್ಲಿ ಪೈಲಟ್‌ಗೆ ಕದ ಕಾಣುವುದಿಲ್ಲ. ಅವನಿಗೆ ಕಾಣುವುದು ಕದ ಮುಚ್ಚಿದಾಗ ಹತ್ತುವ ಒಂದು ದೀಪ.

ದೀಪ ಹತ್ತಲಿಲ್ಲ ಎಂದರೆ ಕದ ಮುಚ್ಚಿಲ್ಲವೆಂದೇ? ಕದಗಳ ಮೈಕ್ರೊಸ್ವಿಚ್‌ಗಳನ್ನು ಸಾಮಾನ್ಯವಾಗಿ ಒಂದೇ ಸರಣಿಯಲ್ಲಿ ಜೋಡಿಸುತ್ತಾರೆ. ಒಂದು ಕೈಕೊಟ್ಟರೂ ದೀಪ ಹತ್ತದು. ಆದ್ದರಿಂದ ಜಾಣ ಮೆಕ್ಯಾನಿಕ್ ಕದದ ಹತ್ತಿರ ಹೋಗುವ ಮೊದಲು ದೀಪವನ್ನು ಒತ್ತಿ ನೋಡುತ್ತಾನೆ. ಬಲ್ಬು ಸುಟ್ಟಿದ್ದರೆ ದೀಪ ಹತ್ತದಿರುವುದಕ್ಕೆ ಅರ್ಥವೇ ಇಲ್ಲ. ಬಲ್ಬು ಸರಿಯಿದ್ದರೆ ಸ್ವಿಚ್‌ನ ಎರಡು ವೈರುಗಳನ್ನು ತುದಿಯಲ್ಲಿ ಕೂಡಿಸುತ್ತಾನೆ. ದೀಪ ಹತ್ತಿದರೆ ವೈರುಗಳು ನೆಟ್ಟಗಿವೆ, ದೋಷ ಸ್ವಿಚ್‌ನಲ್ಲೋ ಕದದಲ್ಲೋ ಇದೆ. ಬಳಿಕ ಕೂಡಿಸಿದ ವೈರುಗಳನ್ನು ಬಿಡಿಸಿ, ಮತ್ತೆ ಸ್ವಿಚ್‌ಗೆ ಸೇರಿಸಿ, ಅದರ ಸಣ್ಣ ತೋಳನ್ನು ಬೆರಳಿನಿಂದ ಒತ್ತುತ್ತಾನೆ. ಆಗಲೂ ಹತ್ತಿದರೆ ಸ್ವಿಚ್ ಸರಿಯಿದೆ, ಕದವೇ ಅದನ್ನು ಮುಟ್ಟುತ್ತಿಲ್ಲ: ಕೀಲು ವಾಲಿದೆ, ಇಲ್ಲವೇ ಎಳೆಯುವ ಸರಳಿನ ಉದ್ದ ಒಂದೆರಡು ಸುತ್ತು ಹೆಚ್ಚುಕಡಿಮೆಯಾಗಿದೆ. ಒಂದಿದ್ದರೆ ಇನ್ನೊಂದಿದೆ, ಒಂದಿಲ್ಲದಿದ್ದರೆ ಇನ್ನೊಂದಿಲ್ಲ ಎಂದು ನೋಡುವ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ಇಲ್ಲಿ ಬೆರಳ ತುದಿಯಲ್ಲಿ ನಡೆಯುತ್ತದೆ. ಆಪ್ತವಾಕ್ಯ, ಅಂದರೆ ಬಲ್ಲವರ ಮಾತು, ಮಾತ್ರ ಹೆಚ್ಚು ನೆರವಾಗದು. ಕಾರ್ಖಾನೆಯ ವಿಮಾನಕ್ಕೆ ಕೈಪಿಡಿ ಅಳತೆ ಹೇಳುತ್ತದೆ. ಮನೆಯಲ್ಲಿ ಕಟ್ಟಿದ್ದರಲ್ಲಿ ಕದವನ್ನು ಕತ್ತರಿಸಿದವನೇ ಅಳತೆಯನ್ನೂ ಇಟ್ಟಿರುತ್ತಾನೆ, ಒಂದೇ ಕಿಟ್‌ನ ಎರಡು ವಿಮಾನಗಳೂ ಒಂದೇ ಆಗಿರುವುದಿಲ್ಲ.

ಬಲ್ಬಿನ ವಿಷಯ ಕ್ಷುಲ್ಲಕವೆನ್ನಲಾಗದು. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಗೆ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದಲ್ಲಿ ಮೂಗಿನ ಚಕ್ರದ ದೀಪ ಹತ್ತಲಿಲ್ಲ. ಚಕ್ರ ಇಳಿದಿದೆಯೇ ಎಂದು ನೋಡಲು ಒಬ್ಬ ಸಿಬ್ಬಂದಿ ನೆಲದಡಿಯ ಕೋಣೆಗೆ ಇಳಿದ. ಕಗ್ಗತ್ತಲಲ್ಲಿ ಏನೂ ಕಾಣಲಿಲ್ಲ. ಎಲ್ಲರ ಗಮನ ಆ ದೀಪದ ಮೇಲಿದ್ದಾಗ ವಿಮಾನ ಸದ್ದಿಲ್ಲದೆ ಕೆಳಗಿಳಿಯುತ್ತ ಜೌಗಿಗೆ ಬಿತ್ತು. 101 ಮಂದಿ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟಿದ್ದು ಬಲ್ಬು. ದೀಪದಲ್ಲೂ ಕತ್ತಲಲ್ಲೂ ಯೋಗ್ಯತೆಯ ಷರತ್ತು ಒಂದೇ ರಾತ್ರಿ ಎರಡು ಸಲ ತಪ್ಪಿತ್ತು.

ಇನ್ನೂ ಸೂಕ್ಷ್ಮವಾದ ತಪ್ಪು ಹ್ಯಾಂಗರ್‌ನಲ್ಲಿ ಆಗುತ್ತದೆ. ವಿಮಾನವನ್ನು ಜ್ಯಾಕ್ ಮೇಲೆ ಎತ್ತಿ ಚಕ್ರವನ್ನು ಎಷ್ಟು ಸಲ ಮಡಚಿದರೂ ಕದ ಅಂಚಿಗೆ ಅಂಚು ಕೂರುತ್ತದೆ. ಮೇಲೆ ಹೋದರೆ ಬಾಯಿ ಬಿಡುತ್ತದೆ. ಹೊಟ್ಟೆಯ ಕೆಳಗೆ ಗಾಳಿ ವೇಗವಾಗಿ ಹರಿಯುವಾಗ ಹೊರಗಿನ ಒತ್ತಡ ತಗ್ಗಬಹುದು, ಸಂದಿಗಳಿಂದ ನುಗ್ಗಿದ ಗಾಳಿ ಒಳಗಿನ ಒತ್ತಡವನ್ನು ಹೆಚ್ಚಿಸಬಹುದು. ತೆಳುವಾದ ಫೈಬರ್‌ಗ್ಲಾಸ್ ಕದ ಆಗ ಹೊರಕ್ಕೆ ಉಬ್ಬುತ್ತದೆ. ಹೈಡ್ರಾಲಿಕ್ ಒತ್ತಡ ಸ್ವಲ್ಪ ಸೋರುತ್ತಿದ್ದರೆ ಕೇಳುವುದೇ ಬೇಡ. ಹ್ಯಾಂಗರ್‌ನಲ್ಲಿ ದೋಷ ಕಾಣಲಿಲ್ಲ ಎಂಬುದು ದೋಷ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಅದನ್ನು ಹೊರಗೆಡಹುವ ಗಾಳಿ ಅಲ್ಲಿರಲಿಲ್ಲ. ಅದಕ್ಕಾಗಿ ಕದವನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡುತ್ತಾರೆ, ಹೊಟ್ಟೆಗೆ ಸಣ್ಣ ಕ್ಯಾಮೆರಾ ಅಂಟಿಸಿ ಹಾರಿಸುತ್ತಾರೆ. ಇದು ಕಾಣದ್ದನ್ನು ಕಾಣುವ ಯೋಗ್ಯತೆಗೆ ತರುವ ಕೆಲಸ.

ಬೆಳಗಾವಿ ಸೀಮೆಯ ಘಟಪ್ರಭಾ ನದಿಯ ದಂಡೆಯವರಿಗೆ ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಈ ಭೇದವನ್ನು ವಿವರಿಸಬೇಕಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಗೇಟು ತೆರೆದ ಸುದ್ದಿ ಬಂದಿಲ್ಲ ಎಂದ ಮಾತ್ರಕ್ಕೆ ಗೋಕಾಕ, ಮೂಡಲಗಿ ಕಡೆ ಹೊಳೆ ಏರುವುದಿಲ್ಲ ಎಂದಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಅಣೆಕಟ್ಟಿನ ಕೆಳಗೆ ಬಂದು ಸೇರುತ್ತವೆ. ಅವುಗಳ ನೀರನ್ನು ಹಿಡಕಲ್‌ನ ಗೇಟು ಹೇಳಲಾರದು.

ಇದೇ ಷರತ್ತು ದೇವರ ಪ್ರಶ್ನೆಗೂ ಹೋಗಿ ಮುಟ್ಟಿತು. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ವಾದವನ್ನು ನೈಯಾಯಿಕ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಯೋಗ್ಯತೆಯ ಮೇಲೆಯೇ ಕೆಡವಿದ: ಈಶ್ವರ ಕಣ್ಣಿಗೆ ಕಾಣತಕ್ಕವನೇ ಅಲ್ಲ, ಹೀಗಿರುವಾಗ ಕಾಣದಿರುವುದು ಅವನಿಗೆ ಬಾಧಕವಾಗದು. ತರ್ಕ ಗಟ್ಟಿಯಾದದ್ದೇ, ಆದರೆ ಅದು ಕಾಪಾಡುವುದು ಬಹಳ ಹೆಚ್ಚು. ಅದೇ ಮಾತಿನಿಂದ ಪಿಶಾಚಿಯೂ ಪಾರಾಗುತ್ತದೆ. ಜೈನರ ದರ್ಶನ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಆ ದರ್ಶನದ ಮುಂದೆ ಈ ಮಾತಿನಿಂದ ಏನೂ ಸಾಬೀತಾಗದು. ಉದಯನನಿಗೂ ಇದು ಗೊತ್ತಿತ್ತು. ಅದಕ್ಕಾಗಿಯೇ ಕೃತಿಯ ಕೊನೆಯ ಸ್ತಬಕದಲ್ಲಿ (ಅಧ್ಯಾಯದಲ್ಲಿ), ಜಗತ್ತು ಒಂದು ಕಾರ್ಯ, ಕಾರ್ಯಕ್ಕೆ ಕರ್ತ ಬೇಕು ಎಂಬುದೇ ಮೊದಲಾದ ಬೇರೆ ಹೇತುಗಳನ್ನು ಅವನು ಮುಂದಿಟ್ಟ. ಮೆಕ್ಯಾನಿಕ್‌ಗೆ ಕ್ಯಾಮೆರಾ ಅಂಟಿಸುವ ದಾರಿಯಿದೆ, ನೈಯಾಯಿಕನಿಗೆ ಉಳಿಯುವುದು ಅನುಮಾನ ಪ್ರಮಾಣ, ಅಂದರೆ ಹೇತುವಿನಿಂದ ಊಹಿಸುವುದು, ಒಂದೇ.

ಬಲ್ಬು ಪರೀಕ್ಷಿಸುವ ಗುಂಡಿಯೇ ಕೆಟ್ಟಿದ್ದರೆ, ಕ್ಯಾಮೆರಾ ತಪ್ಪು ತೋರಿಸಿದರೆ ಎಂದು ಸಂಶಯ ಮುಂದುವರಿಸಬಹುದು. ಸಂಶಯ ಅದನ್ನು ಪಡುವವನ ನಡವಳಿಕೆಗೇ ವಿರುದ್ಧವಾಗುವವರೆಗೆ ಮಾತ್ರ ಎಂದು ಉದಯನ ಅದಕ್ಕೊಂದು ಎಲ್ಲೆ ಹಾಕಿದ್ದಾನೆ. ಹೊಗೆ ಬೇಕಾದವನು ಬೆಂಕಿ ಹಚ್ಚುತ್ತಾನೆ; ಬೆಂಕಿಯಿಂದ ಹೊಗೆ ಬರುತ್ತದೆಯೋ ಇಲ್ಲವೋ ಎಂದು ಅವನು ಬಾಯಲ್ಲಿ ಸಂಶಯಪಟ್ಟರೆ ಅವನ ಕೈಯೇ ಅದನ್ನು ಅಲ್ಲಗಳೆಯುತ್ತದೆ. ಸರಳು ತಿರುಗಿಸಿ ಕದ ಸರಿಪಡಿಸುವವನೂ ಸರಳಿಗೂ ಕದಕ್ಕೂ ಇರುವ ಸಂಬಂಧವನ್ನು ಆ ಹೊತ್ತಿಗೆ ನಂಬಿಯೇ ಇರುತ್ತಾನೆ.